ಮುಳುಗೋದು ಸುಲಭ, ಮೇಲೇಳೋಕೆ ಲೆಕ್ಕ ಬೇಕು!

ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಹೊತ್ತು ಬ್ಯಾಗು ಹೆಗಲಿಗೇರಿಸಿ ನಿಂತವರೆಲ್ಲ ಮೈಸೂರು, ಮಂಡ್ಯಕ್ಕೇ ಹೋಗುವವರಲ್ಲ. ಔಷಧಿ ಕಂಪನಿಯ ಪ್ರತಿನಿಧಿ ಮಂಗಳೂರಿಗೆ ಹೊರಟಿರುತ್ತಾನೆ. ಬೆಲ್ಲದ ವ್ಯಾಪಾರಿ ಉಡುಪಿ ಕಡೆಯ ಬಾಕಿ ವಸೂಲಿಗೆ ಹೊರಟಿರುತ್ತಾನೆ. ನಾಗಮಂಗಲ, ಕೆ.ಆರ್.ಪೇಟೆಯವರಿಗಂತೂ ಮುಂಬೈ ಪಕ್ಕದ ಬೀದಿ ಇದ್ದ ಹಾಗೆ. ಅಲ್ಲಿ ದುಡಿಯುವ ನಮ್ಮವರು ಎಷ್ಟು ಜನ ಎಂಬುದು 2020ರ ಕೊರೋನಾ ಕಾಲದಲ್ಲಿ ಅವರು ಊರಿಗೆ ಬಂದಾಗಲೇ ಜಿಲ್ಲೆಗೆ ಮನದಟ್ಟಾದದ್ದು.

ಕೆಲಸದ ಮೇಲೆ ಹೋದವನಿಗೆ ಮಧ್ಯೆ ಒಂದು ಭಾನುವಾರ ಬಿತ್ತು ಅನ್ನಿ. ಅಂಗಡಿ ಬಾಗಿಲು ಹಾಕಿರುತ್ತೆ, ಲಾಡ್ಜಿನ ಫ್ಯಾನು ತಿರುಗುತ್ತಿರುತ್ತೆ. ಮಲಗೋದೋ, ಸಿನಿಮಾಕ್ಕೆ ಹೋಗೋದೋ? ಈಗ ಮೂರನೆಯ ದಾರಿಯೊಂದು ಸೇರಿಕೊಂಡಿದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಡಿಗೆ ಇಳಿದು ಮೀನು ನೋಡಿ ಬರುವುದು. ಅದರ ಹೆಸರು ಸ್ಕೂಬಾ.

'ಅದೆಲ್ಲ ದುಡ್ಡಿದ್ದೋರ ಶೋಕಿ ಕಣಪ್ಪ' ಅಂತಿದ್ದವರೂ ಈಗ ವಿಚಾರಿಸತೊಡಗಿದ್ದಾರೆ. ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ಕಡಲಿಗೆ ಇಳಿದದ್ದೂ ಇದಕ್ಕೆ ಒಂದು ಕಾರಣ. ಅವರು ಕಣ್ಮರೆಯಾಗಿ ಒಂದು ವರ್ಷಕ್ಕೆ, 2022ರ ಅಕ್ಟೋಬರಿನಲ್ಲಿ 'ಗಂಧದ ಗುಡಿ' ತೆರೆಗೆ ಬಂತು. ಅಪ್ಪು ಮುಳುಗಿದ ಮೇಲೆ ನಾವ್ಯಾಕೆ ಮುಳುಗಬಾರದು ಎಂಬ ಆಸೆ ಹುಡುಗರಲ್ಲಿ ಹುಟ್ಟಿದರೆ ತಪ್ಪೇನಲ್ಲ.

ಮನೆ ಬಾಗಿಲ ನೀರು ಯಾಕಾಗದು?

ಶ್ರೀರಂಗಪಟ್ಟಣದಲ್ಲಿ ಕಾವೇರಿ ಎರಡಾಗಿ ಹರಿಯುತ್ತಾಳೆ. ಪಾಂಡವಪುರಕ್ಕೆ ತೊಣ್ಣೂರು ಕೆರೆಯಿದೆ. ಕೆ.ಆರ್.ಪೇಟೆಯ ಅಂಚಿಗೆ ಕನ್ನಂಬಾಡಿಯ ಹಿನ್ನೀರು ಬಂದು ನಿಲ್ಲುತ್ತದೆ. ಇಷ್ಟು ನೀರಿದ್ದೂ ಸ್ಕೂಬಾಕ್ಕೆ ಕಡಲತೀರಕ್ಕೇ ಹೋಗಬೇಕೆ? ಹೋಗಲೇಬೇಕು. ಕಾರಣಗಳೂ ಸ್ಪಷ್ಟ. ಹೊಳೆ ನೀರಿನಲ್ಲಿ ಮಣ್ಣು ಹೆಚ್ಚು, ಒಳಗಿಳಿದರೆ ತನ್ನ ಕೈಯೇ ತನಗೆ ಕಾಣದು. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳನ್ನು ಸ್ಕೂಲು ಮಕ್ಕಳೂ ಬಲ್ಲರು. ಬಲಮುರಿ, ಎಡಮುರಿಯಲ್ಲಿ ಈಜಲು ಹೋಗಿ ಪ್ರಾಣ ಬಿಟ್ಟವರ ಸುದ್ದಿಯೂ ಹೊಸದಲ್ಲ. ಹಿನ್ನೀರಿನಲ್ಲಿ ಮುಳುಗಿ ನೋಡುವಂಥದ್ದೊಂದಿತ್ತು, ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ. ಅದನ್ನೂ ಕಲ್ಲು ಕಲ್ಲಾಗಿ ಬಿಚ್ಚಿ, ಹೊಸ ಕನ್ನಂಬಾಡಿಯ ದಡದ ಮೇಲೆ ಮತ್ತೆ ಕಟ್ಟಿದ್ದಾಯ್ತು. ಅದಕ್ಕೀಗ ಸಿಲಿಂಡರ್ ಬೇಡ, ಹಣ್ಣು ಕಾಯಿ ಸಾಕು!

ಇನ್ನು ವಿ.ಸಿ.ನಾಲೆಯ ಮಾತು. 2018ರ ನವೆಂಬರ್ 24ರ ಶನಿವಾರ ಕನಗನಮರಡಿ ಬಳಿ ಬಸ್ಸು ನಾಲೆಗೆ ಬಿದ್ದು 30 ಜೀವ ಹೋದವು. ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಮೊದಲು ನೀರಿಗಿಳಿದವರು ಅಕ್ಕಪಕ್ಕದ ಊರಿನವರೇ. ಅವರ ಬೆನ್ನ ಮೇಲೆ ಯಾವ ಸಿಲಿಂಡರೂ ಇರಲಿಲ್ಲ. ನೀರು ಆಟದ ಸಾಮಾನಲ್ಲ ಎಂಬುದನ್ನು ಈ ತಾಲ್ಲೂಕುಗಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಎಲ್ಲೆಲ್ಲಿ ಉಂಟು?

ಹತ್ತಿರದ ಹೆಸರುವಾಸಿ ಜಾಗ ಭಟ್ಕಳ ತಾಲ್ಲೂಕಿನ ಮುರುಡೇಶ್ವರ. ದಡದಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ. ಪಾರಿವಾಳದ ಗುಡ್ಡ ಅಂತಲೂ ಕರೀತಾರೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಕಾಲ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಮೈಸೂರು ಮಾರ್ಗದ ಬೆಂಗಳೂರು ರೈಲು 2023ರಲ್ಲಿ ಮುರುಡೇಶ್ವರದವರೆಗೂ ಮುಂದುವರಿದ ಮೇಲೆ ಈ ಕಡೆಯವರಿಗೆ ದಾರಿ ಇನ್ನಷ್ಟು ಸಲೀಸಾಯಿತು. ಮುಂಬೈಯಲ್ಲಿ ಇರುವವರಿಗೆ ಸಿಂಧುದುರ್ಗ ಜಿಲ್ಲೆಯ ಮಾಲ್ವಣ, ತಾರ್ಕರ್ಲಿ ಇವೆ. ತಾರ್ಕರ್ಲಿಯಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮ ತರಬೇತಿ ಕೇಂದ್ರವನ್ನೇ ಕಟ್ಟಿದೆ. ಗೋವಾಕ್ಕೆ ಲೋಡು ಒಯ್ಯುವವರಿಗೆ ಗ್ರ್ಯಾಂಡ್ ದ್ವೀಪ, ತಮಿಳುನಾಡಿನ ಕಡೆ ಹೋಗುವವರಿಗೆ ಪುದುಚೇರಿ.

ಮೊದಲ ಸಲ ಇಳಿಯುವವನಿಗೆ ಈಜು ಬರಲೇಬೇಕೆಂದಿಲ್ಲ. ಪಕ್ಕದಲ್ಲೇ ಒಬ್ಬ ತರಬೇತುದಾರ ಹಿಡಿದುಕೊಂಡಿರುತ್ತಾನೆ, 12 ಮೀಟರಿಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ಸಿಲಿಂಡರಿನಲ್ಲಿರೋದು ಆಸ್ಪತ್ರೆಯ ಆಮ್ಲಜನಕ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ನಾವು ನೀವು ಉಸಿರಾಡುವ ಮಾಮೂಲು ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಸ್ವಂತವಾಗಿ ಇಳಿಯುವಷ್ಟು ಕಲಿತು ಸರ್ಟಿಫಿಕೇಟು ಪಡೆಯಲು ಮೂರು ನಾಲ್ಕು ದಿನ ಬೇಕು. ಬೆಲೆ ಕೇಳುವಾಗ ದೋಣಿ, ಸಲಕರಣೆ, ಫೋಟೋ ಎಲ್ಲ ಸೇರಿದೆಯೇ ಎಂದು ಕೇಳಿಕೊಳ್ಳಬೇಕು. ತರಬೇತುದಾರನ ಸರ್ಟಿಫಿಕೇಟನ್ನೂ ಕೇಳಬೇಕು. ಸಂಕೋಚ ಯಾಕೆ, ತಕ್ಕಡಿಯ ಮುದ್ರೆ ನೋಡದೆ ಯಾರಾದರೂ ಬೆಲ್ಲ ತೂಗಿಸುತ್ತಾರೆಯೇ? ಆಸ್ತಮಾ, ಹೃದಯದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ನೆಗಡಿ ಇದ್ದರೆ ಕಿವಿಗೆ ಕುತ್ತು, ಆ ದಿನ ಸುಮ್ಮನಿರುವುದೇ ಲೇಸು.

ಗೋಲಿ ಸೋಡಾದ ಪಾಠ

ಇಷ್ಟೆಲ್ಲ ದೋಣಿಯವರೇ ಹೇಳುತ್ತಾರೆ. ಆದರೆ ಘಟ್ಟದ ಮೇಲಿನವರು ತಾವಾಗಿಯೇ ಹಾಕಿಕೊಳ್ಳಬೇಕಾದ ಲೆಕ್ಕ ಒಂದಿದೆ.

ಕಡಲಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಕ್ಕೂ ಮೈಯ ಮಾಂಸಖಂಡಕ್ಕೂ ಸೇರಿಕೊಳ್ಳುತ್ತದೆ, ಸೋಡಾದಲ್ಲಿ ಗ್ಯಾಸು ಸೇರಿಕೊಂಡ ಹಾಗೆ. ಗೋಲಿಯನ್ನು ಒಮ್ಮೆಲೇ ಒತ್ತಿದರೆ ಏನಾಗುತ್ತೆ? ಬುಸ್ಸೆಂದು ನೊರೆ. ಅದಕ್ಕೇ ನೀರಿನಿಂದ ನಿಧಾನ ಮೇಲೇಳಬೇಕು, ಏಳುವಾಗ ಉಸಿರು ಬಿಗಿಹಿಡಿಯಲೇಬಾರದು.

ದಡಕ್ಕೆ ಬಂದ ಮೇಲೂ ಈ ಲೆಕ್ಕ ಮುಗಿಯದು. ಉಳಿದ ಸಾರಜನಕ ಗಂಟೆಗಟ್ಟಲೆ ನಿಧಾನ ಹೊರಹೋಗುತ್ತಿರುತ್ತದೆ. ಒಂದು ಸಲ ಮುಳುಗಿದವರು 12 ಗಂಟೆ, ಎರಡು ಮೂರು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದೆಂದು ನಿಯಮ. 'ನಾವೆಲ್ಲಿ ವಿಮಾನ ಹತ್ತೋದು ಸ್ವಾಮಿ' ಅನ್ನಬೇಡಿ. ಆ ನಿಯಮ 2000ದಿಂದ 8000 ಅಡಿ ಎತ್ತರದ ತೆಳು ಗಾಳಿಗೆ ಮಾಡಿದ್ದು. ಶ್ರೀರಂಗಪಟ್ಟಣವೇ ಸುಮಾರು 2200 ಅಡಿ ಮೇಲಿದೆ. ನಾಗಮಂಗಲ ಇನ್ನೂ ಮೇಲೆ. ನಡುವೆ ಸಕಲೇಶಪುರ ಮೂರು ಸಾವಿರ ಅಡಿಯ ಸುಮಾರು. ಅಂದರೆ ಘಟ್ಟ ಹತ್ತುವ ರಾತ್ರಿ ಬಸ್ಸೇ ನಮ್ಮವರ ವಿಮಾನ!

ಭಾನುವಾರ ಮಧ್ಯಾಹ್ನ ಎರಡು ಸಲ ಮುಳುಗಿ, ಮೀನೂಟ ಮುಗಿಸಿ, ಸಂಜೆ ಏಳಕ್ಕೆ ಬಸ್ಸು ಹತ್ತಿದವನು ನಡುರಾತ್ರಿಗೆ ಘಟ್ಟದ ನೆತ್ತಿಯಲ್ಲಿರುತ್ತಾನೆ. 18 ಗಂಟೆ ಎಲ್ಲಿ ಬಂತು? ಕಡಿಮೆ ಆಳಕ್ಕೆ ಒಂದೇ ಸಲ ಇಳಿದವರಿಗೆ ಅಪಾಯ ಕಡಿಮೆ ನಿಜ, ಇಲ್ಲವೇ ಇಲ್ಲ ಎಂದಲ್ಲ. ಕೀಲು ನೋವು, ಕೈಕಾಲು ಜೋಮು ಶುರುವಾದರೆ ಬಸ್ಸಿನ ಕುಲುಕಾಟ ಅಂತ ತಿಳಿದು ಎಣ್ಣೆ ತಿಕ್ಕಿಕೊಂಡು ಮಲಗುವವರೇ ಹೆಚ್ಚು. ಅದಕ್ಕೆ ಬೇಕಾದ್ದು ತಕ್ಷಣ ಆಮ್ಲಜನಕ, ಆಮೇಲೆ ಒತ್ತಡದ ಕೋಣೆಯ ಚಿಕಿತ್ಸೆ. ಅಂಥ ಕೋಣೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಡಾಕ್ಟರ ಮುಂದೆ ಕೂತೊಡನೆ 'ನಿನ್ನೆ ಕಡಲಲ್ಲಿ ಮುಳುಗಿದ್ದೆ' ಎಂದು ಹೇಳುವುದೇ ಅರ್ಧ ಮದ್ದು.

ಪರಿಹಾರಕ್ಕೆ ಕಾಸು ಖರ್ಚಿಲ್ಲ, ಪಟ್ಟಿ ತಿರುಗಿಸಿದರೆ ಸಾಕು. ಕೆಲಸ ಮೊದಲು, ಮೋಜು ಆಮೇಲೆ ಎಂಬುದು ಹಿರಿಯರ ಮಾತು. ಸ್ಕೂಬಾ ಒಂದರಲ್ಲಿ ಮಾತ್ರ ಅದು ತಲೆಕೆಳಗು. ಶನಿವಾರ ರಾತ್ರಿ ಘಟ್ಟ ಇಳಿಯಿರಿ, ಭಾನುವಾರ ಮುಳುಗಿ, ಸೋಮವಾರ ಅಂಗಡಿ ಅಂಗಡಿ ಸುತ್ತಿ ಬಾಕಿ ವಸೂಲು ಮಾಡಿ, ಸೋಮವಾರ ರಾತ್ರಿ ಬಸ್ಸು ಹತ್ತಿ. ಕಂಪನಿಯ ಕೆಲಸವೂ ಆಯ್ತು, ಮೈಯೊಳಗಿನ ಸೋಡಾವೂ ಇಳೀತು.

ಮಂಗಳವಾರ ಬೆಳಿಗ್ಗೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿಯುತ್ತಾ, ಕಂಡ ಮೀನಿನ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಬಹುದು. ಕೇಳುವವರಿಗೇನು ಬರವೇ?