ಟಿವಿನಾ, ಮಾನಿಟರಾ? ಚುಕ್ಕಿ ಲೆಕ್ಕ ಹಾಕಿ ನೋಡೋಣ

ಹಾಸ್ಟೆಲ್ ರೂಮಿನಲ್ಲಿ ಮೂರ್ನಾಲ್ಕು ಜನ ದುಡ್ಡು ಸೇರಿಸಿ ಒಂದು ಸ್ಕ್ರೀನ್ ತಗೊಳ್ಳೋಣ ಅಂತ ಹೊರಟರೆ ಏಳುವ ಮೊದಲ ಜಗಳ ಇದೇ. ಒಬ್ಬ 24 ಇಂಚಿನ ಮಾನಿಟರ್ ಅಂತಾನೆ, ಇನ್ನೊಬ್ಬ 32 ಇಂಚಿನ ಟಿವಿ ಅಂತಾನೆ. ಎರಡರ ಡಬ್ಬದ ಮೇಲೂ 'ಎಚ್‌ಡಿ' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತೆ. ಹಾಗಾದ್ರೆ ಸಿನಿಮಾ, ಮ್ಯಾಚ್ ನೋಡೋಕೆ ಯಾವುದು ಸರಿ?

ಮೊದಲು ಸ್ವಲ್ಪ ಹಳೇ ಕಥೆ. ನಮ್ಮಲ್ಲಿದ್ದ ಪಾಲ್ ಪದ್ಧತಿಯ ಟಿವಿ ಪ್ರಸಾರದಲ್ಲಿ ಒಟ್ಟು 625 ಗೆರೆ, ಅದರಲ್ಲಿ ಚಿತ್ರಕ್ಕೆ ಸಿಗುತ್ತಿದ್ದದ್ದು 576. ಅದರ ಡಿಜಿಟಲ್ ರೂಪ 720×576, ಅಂದರೆ ಸುಮಾರು 4.15 ಲಕ್ಷ ಪಿಕ್ಸೆಲ್. ಕಂಪ್ಯೂಟರ್ ಕಡೆ 1987ರಲ್ಲಿ ಐಬಿಎಂ ತಂದ ವಿಜಿಎ 640×480 ಇತ್ತು. ಆಮೇಲೆ ಬಂದ 1024×768 ಮಾನಿಟರಿನಲ್ಲಿ 7.86 ಲಕ್ಷ ಪಿಕ್ಸೆಲ್, ಅಂದ್ರೆ ಹಳೇ ಟಿವಿಯ ಹತ್ತಿರ ಹತ್ತಿರ ಎರಡರಷ್ಟು. ಎಚ್‌ಡಿ ಟಿವಿ ಬಂದ ಮೇಲೆ ಈ ಅಂತರ ಹೋಯ್ತು. 1280×720ರಲ್ಲಿ 9.2 ಲಕ್ಷ, 1920×1080ರಲ್ಲಿ 20.7 ಲಕ್ಷ ಪಿಕ್ಸೆಲ್. ಇವತ್ತು ಫುಲ್ ಎಚ್‌ಡಿ ಮಾನಿಟರೂ ಫುಲ್ ಎಚ್‌ಡಿ ಟಿವಿಯೂ ಲೆಕ್ಕದಲ್ಲಿ ಸರಿಸಮ.

ಆದರೆ ಎಷ್ಟೋ 32 ಇಂಚಿನ ಟಿವಿಗಳ ಮೇಲಿರೋದು 'ಎಚ್‌ಡಿ ರೆಡಿ' ಅನ್ನೋ ಮಾತು. ಅವುಗಳಲ್ಲಿ ಸಾಮಾನ್ಯವಾಗಿ ಇರೋದು 1366×768, ಫುಲ್ ಎಚ್‌ಡಿಯ ಅರ್ಧ ಮಾತ್ರ. ಜೊತೆಗೆ 720 ಗೆರೆಯ ವಿಡಿಯೋನ ಹಿಗ್ಗಿಸಬೇಕು, 1080 ಗೆರೆಯದ್ದನ್ನ ಕುಗ್ಗಿಸಬೇಕು. ಯಾವುದೂ ಪಿಕ್ಸೆಲ್‌ಗೆ ಪಿಕ್ಸೆಲ್ ಕೂರಲ್ಲ. ಹಾಗಾಗಿ ಚಿತ್ರ ಒಂಚೂರು ಮೆತ್ತಗಾಗುತ್ತೆ.

ಹಾಗಂತ ಅದು ದಂಡ ಅಂದ್ಕೋಬೇಡಿ. ಚಿತ್ರ ಚೂಪಾಗಿ ಕಾಣೋದು ಪಿಕ್ಸೆಲ್ ಸಂಖ್ಯೆಯಿಂದಷ್ಟೇ ಅಲ್ಲ, ನಾವು ಕೂರುವ ದೂರದಿಂದಲೂ. ಸಾಮಾನ್ಯ ದೃಷ್ಟಿಯ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಚಿಕ್ಕ ಕೋನ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗ. ತ್ರಿಕೋನಮಿತಿ ಹಚ್ಚಿದರೆ ಸೂತ್ರ ಸರಳ: ಒಂದು ಪಿಕ್ಸೆಲ್ಲಿನ ಅಗಲವನ್ನು 3438ರಿಂದ ಗುಣಿಸಿ. ಅಷ್ಟು ದೂರ ದಾಟಿದರೆ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣಲ್ಲ.

24 ಇಂಚಿನ ಫುಲ್ ಎಚ್‌ಡಿ ಮಾನಿಟರ್: ಪಿಕ್ಸೆಲ್ 0.277 ಮಿ.ಮೀ., ದೂರ ಸುಮಾರು 95 ಸೆಂ.ಮೀ.
32 ಇಂಚಿನ ಎಚ್‌ಡಿ ರೆಡಿ ಟಿವಿ: 0.519 ಮಿ.ಮೀ., ಸುಮಾರು 1.8 ಮೀಟರ್.
43 ಇಂಚಿನ ಫುಲ್ ಎಚ್‌ಡಿ ಟಿವಿ: 0.496 ಮಿ.ಮೀ., ಸುಮಾರು 1.7 ಮೀಟರ್.
43 ಇಂಚಿನ 4ಕೆ ಟಿವಿ: 0.248 ಮಿ.ಮೀ., ಸುಮಾರು 85 ಸೆಂ.ಮೀ.

ಅಂದರೆ ಮಂಚದ ಮೇಲೆ ಕೂತು ಆರೇಳು ಅಡಿ ದೂರದಿಂದ ನೋಡೋರಿಗೆ 43 ಇಂಚಿನಲ್ಲಿ 4ಕೆಗೂ ಫುಲ್ ಎಚ್‌ಡಿಗೂ ಚೂಪಿನಲ್ಲಿ ಹೆಚ್ಚು ವ್ಯತ್ಯಾಸ ಸಿಗಲ್ಲ. ಅದೇ ಟಿವಿಯನ್ನ ಟೇಬಲ್ ಮೇಲಿಟ್ಟು ಎರಡಡಿ ದೂರದಲ್ಲಿ ಕೋಡ್ ಬರೆಯೋಕೆ ಕೂತರೆ ಫುಲ್ ಎಚ್‌ಡಿಯ ಅಕ್ಷರಗಳು ಒರಟಾಗಿ ಕಾಣ್ತವೆ.

ಲ್ಯಾಪ್‌ಟಾಪನ್ನ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೆ ಸಿಕ್ಕಿಸಿದಾಗ ಇನ್ನೆರಡು ತೊಂದರೆ ಬರಬಹುದು. ಒಂದು, ಓವರ್‌ಸ್ಕ್ಯಾನ್. ಹಳೇ ಪಿಕ್ಚರ್ ಟ್ಯೂಬ್ ಟಿವಿಗಳು ಚಿತ್ರವನ್ನ ಸ್ವಲ್ಪ ಹಿಗ್ಗಿಸಿ, ಸೊಟ್ಟ ಅಂಚುಗಳನ್ನ ಚೌಕಟ್ಟಿನ ಹಿಂದೆ ಮರೆಮಾಡ್ತಿದ್ದವು. ಆ ಅಭ್ಯಾಸ ಹೊಸ ಟಿವಿಗಳಲ್ಲೂ ಉಳಿದುಕೊಂಡಿದೆ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣೆಯಾದರೆ ಕಾರಣ ಇದೇ. ಟಿವಿಯ ಚಿತ್ರದ ಅಳತೆಯ ಸೆಟ್ಟಿಂಗ್‌ನಲ್ಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಥರದ್ದನ್ನ ಆರಿಸಿದರೆ ಸರಿಹೋಗುತ್ತೆ.

ಎರಡನೇದು ಬಣ್ಣ. ಸಾಮಾನ್ಯ ವಿಡಿಯೋ ಫೈಲಿನಲ್ಲಿ ಬೆಳಕಿನ ಮಾಹಿತಿ 1920×1080 ಇದ್ದರೂ ಬಣ್ಣದ್ದು 960×540 ಮಾತ್ರ. ನಮ್ಮ ಕಣ್ಣಿಗೆ ಬಣ್ಣದ ಸೂಕ್ಷ್ಮ ಅಷ್ಟಾಗಿ ತಿಳಿಯದ ಕಾರಣ ಸಿನಿಮಾದಲ್ಲಿ ಇದು ಗೊತ್ತಾಗಲ್ಲ. ಕೆಲವು ಟಿವಿಗಳು ಕಂಪ್ಯೂಟರಿಂದ ಬರುವ ಚಿತ್ರಕ್ಕೂ ಹೀಗೇ ಮಾಡ್ತವೆ. ಆಗ ಕಪ್ಪು ಹಿನ್ನೆಲೆಯ ಕೆಂಪು ಅಕ್ಷರಗಳ ಅಂಚು ಕಲಸಿಹೋಗುತ್ತೆ. ಟಿವಿಯಲ್ಲಿ ಆ ಇನ್‌ಪುಟ್‌ಗೆ 'ಪಿಸಿ' ಅಂತ ಹೆಸರು ಕೊಟ್ಟರೆ ಎಷ್ಟೋ ಸಲ ಸರಿಯಾಗುತ್ತೆ.

ಹಾಗಾಗಿ ಒಬ್ಬರೇ ಟೇಬಲ್ ಮುಂದೆ ಕೂತು ಓದು, ಕೋಡ್, ನಡುವೆ ಸಿನಿಮಾ ಅನ್ನೋರಿಗೆ ಫುಲ್ ಎಚ್‌ಡಿ ಮಾನಿಟರೇ ವಾಸಿ. ನಾಲ್ಕು ಜನ ಒಟ್ಟಿಗೆ ಮ್ಯಾಚ್ ನೋಡೋದೇ ಮುಖ್ಯ ಅಂದ್ರೆ ಟಿವಿ ತಗೊಳ್ಳಿ. ಮನೆಯವರು ಕಳಿಸಿದ ದುಡ್ಡು ಡಬ್ಬದ ಮೇಲಿನ ಅಕ್ಷರ ನೋಡಿ ಖರ್ಚಾಗದಿರಲಿ. ಅಂಗಡಿಗೆ ಹೊರಡೋ ಮೊದಲು ಒಂದು ಟೇಪ್ ಹಿಡಿದು, ಮಂಚದಿಂದ ಗೋಡೆಗೆ ಎಷ್ಟು ಅಡಿ ಅಂತ ಅಳೆದುಕೊಳ್ಳಿ.