ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಡಿ!

ಬೇರೆ ರಾಜ್ಯದಿಂದ ಬೆಂಗಳೂರಿಗೆ ಓದೋಕೆ ಬಂದವರು ಮೊದಲ ವಾರದಲ್ಲೇ ಕಲಿಯೋ ಕನ್ನಡ ಅಂದ್ರೆ 'ಸ್ವಲ್ಪ ಅಡ್ಜಸ್ಟ್ ಮಾಡಿ'. ಬಸ್ಸಿನ ಸೀಟಲ್ಲಿ ಇನ್ನೊಬ್ಬರಿಗೆ ಜಾಗ ಕೊಡೋಕೆ ಈ ಮಾತು ತುಂಬಾ ಚೆನ್ನಾಗಿದೆ. ಆದರೆ ನಾವು ಮನೆಯ ಫ್ಯಾನು, ಬಾತ್‌ರೂಮಿನ ನಲ್ಲಿ, ಬೈಕಿನ ಚೈನಿನ ಜೊತೆಗೂ ಹೀಗೇ ಅಡ್ಜಸ್ಟ್ ಮಾಡ್ಕೊಂಡುಬಿಡ್ತೀವಿ. ಫ್ಯಾನ್ ನಿಧಾನ ಆದ್ರೆ 'ವೋಲ್ಟೇಜ್ ಕಮ್ಮಿ' ಅಂತೀವಿ. ನಲ್ಲಿ ತೊಟ್ಟಿಕ್ಕಿದ್ರೆ ಕೆಳಗೆ ಮಗ್ ಇಡ್ತೀವಿ. ಚೈನ್ ಸದ್ದು ಮಾಡಿದ್ರೆ 'ಹಳೇ ಗಾಡಿ ಅಲ್ವಾ' ಅಂತೀವಿ.

ಈ ಮೂರೂ ಒಂದೇ ದಿನದಲ್ಲಿ ಕೆಡೋದಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಕೆಡುತ್ತವೆ, ನಾವೂ ಸ್ವಲ್ಪ ಸ್ವಲ್ಪ ಒಗ್ಗಿಕೊಳ್ತೀವಿ. ಹಾಗಾಗಿ ಎಲ್ಲ ರಿಪೇರಿಯ ಮೊದಲ ಹೆಜ್ಜೆ ಸ್ಪ್ಯಾನರ್ ಹಿಡಿಯೋದಲ್ಲ. 'ಇದು ಹೀಗಿರಬೇಕಾಗಿಲ್ಲ' ಅಂತ ಗಮನಿಸೋದು. ಕಾಲೇಜಿನ ಹತ್ತಿರ ಬಾಡಿಗೆ ರೂಮಲ್ಲಿರೋ ನಾವು ನಾಲ್ಕು ಜನ ಈ ವರ್ಷ ಅಂಥ ಮೂರು ಕೆಲಸ ಕೈಯಾರೆ ಮಾಡಿದ್ವಿ. ಅದರ ಹಿಂದಿನ ಇಂಜಿನಿಯರಿಂಗ್ ಏನು, ಹೇಗೆ ಮಾಡೋದು, ಎಲ್ಲಿ ಕೈ ಹಾಕಬಾರದು ಅಂತ ಇಲ್ಲಿ ಬರೀತಿದೀವಿ.

ಫ್ಯಾನ್: ಎಪ್ಪತ್ತು ರೂಪಾಯಿಯ ಗಾಳಿ

ಸಿಂಗಲ್ ಫೇಸ್ ಇಂಡಕ್ಷನ್ ಮೋಟಾರ್ ತಾನಾಗೇ ಯಾಕೆ ಸ್ಟಾರ್ಟ್ ಆಗಲ್ಲ? ಈ ಪ್ರಶ್ನೆಗೆ ಉತ್ತರ ಬರೆದು ಮಾರ್ಕ್ಸ್ ತಗೊಂಡವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅದೇ ಮೋಟಾರ್ ನಮ್ಮ ತಲೆ ಮೇಲೆ ತಿರುಗ್ತಾ ಇದೆ ಅಂತ ಎಷ್ಟು ಜನಕ್ಕೆ ನೆನಪಿರುತ್ತೆ?

ಒಂದೇ ವೈಂಡಿಂಗ್‌ಗೆ ಎಸಿ ಕೊಟ್ರೆ ಅಯಸ್ಕಾಂತ ಕ್ಷೇತ್ರ ತಿರುಗೋದಿಲ್ಲ, ಇದ್ದಲ್ಲೇ ಹೆಚ್ಚು ಕಮ್ಮಿ ಆಗುತ್ತೆ. ರೋಟರ್‌ಗೆ ಎಡಕ್ಕೆ ಹೋಗಬೇಕೋ ಬಲಕ್ಕೆ ಹೋಗಬೇಕೋ ಗೊತ್ತಾಗಲ್ಲ. ಅದಕ್ಕೇ ಸೀಲಿಂಗ್ ಫ್ಯಾನಲ್ಲಿ ಎರಡನೇ ವೈಂಡಿಂಗ್ ಇಟ್ಟು, ಅದರ ಜೊತೆ ಸೀರೀಸ್‌ನಲ್ಲಿ ಒಂದು ಕೆಪಾಸಿಟರ್ ಹಾಕ್ತಾರೆ. ಆ ವೈಂಡಿಂಗ್‌ನ ಕರೆಂಟ್ ಮುಂದಕ್ಕೆ ಸರಿಯುತ್ತೆ, ಎರಡೂ ಸೇರಿ ತಿರುಗೋ ಕ್ಷೇತ್ರ ಹುಟ್ಟುತ್ತೆ, ಫ್ಯಾನ್ ಒಂದು ದಿಕ್ಕಿಗೆ ಹೊರಡುತ್ತೆ.

ಈ ಕೆಪಾಸಿಟರ್ ಒಳಗೆ ಪ್ಲಾಸ್ಟಿಕ್ ಫಿಲ್ಮ್ ಮೇಲೆ ಲೋಹದ ತುಂಬಾ ತೆಳು ಪದರ ಇರುತ್ತೆ. ವೋಲ್ಟೇಜ್ ಒಮ್ಮೆಲೇ ಏರಿದಾಗ ಫಿಲ್ಮಲ್ಲಿ ಸಣ್ಣ ತೂತು ಬೀಳಬಹುದು. ಆಗ ಆ ಜಾಗದ ಸುತ್ತ ಲೋಹ ಆವಿಯಾಗಿ ಶಾರ್ಟ್ ತಾನಾಗೇ ಬಿಟ್ಟುಹೋಗುತ್ತೆ. ಇದಕ್ಕೆ ಸೆಲ್ಫ್ ಹೀಲಿಂಗ್ ಅಂತಾರೆ. ಗಾಯ ವಾಸಿ ಆಗುತ್ತೆ, ಆದರೆ ಪ್ರತಿ ಸಲ ಸ್ವಲ್ಪ ಏರಿಯಾ ಹೋಗುತ್ತೆ. ಏರಿಯಾ ಕಮ್ಮಿ ಆದ್ರೆ ಕೆಪಾಸಿಟೆನ್ಸ್ ಕಮ್ಮಿ, ಇದು ಪಿಯುಸಿಯಲ್ಲೇ ಓದಿದ್ದು. ಹೀಗೆ ವರ್ಷಗಳ ಕಾಲ ಇಳೀತಾ ಇಳೀತಾ ಫ್ಯಾನ್ ನಿಧಾನ ಆಗುತ್ತೆ. ಕೊನೆಗೆ ಗುಂಯ್ ಅಂತ ಸದ್ದು ಮಾತ್ರ ಬರುತ್ತೆ, ರೆಕ್ಕೆ ಅಲ್ಲಾಡಲ್ಲ. ಕೋಲಿಂದ ತಳ್ಳಿದ್ರೆ ಹೊರಡುತ್ತೆ.

ಕೋಲಿನ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ರೂಮಿನ ಒಬ್ಬನ ಅಜ್ಜಿ ಊರಲ್ಲಿ ಒಬ್ಬರೇ ಇರೋದು. ಎರಡು ಬೇಸಿಗೆ ಅವರು ದಿನಾ ರಾತ್ರಿ ಮಲಗೋ ಮುಂಚೆ ಸ್ವಿಚ್ ಹಾಕಿ, ಬಟ್ಟೆ ಒಣಹಾಕೋ ಗಳು ತಗೊಂಡು ಫ್ಯಾನ್ ತಳ್ಳಿ, ಆಮೇಲೆ ಮಲಗ್ತಿದ್ರು. ರಾತ್ರಿ ಕರೆಂಟ್ ಹೋಗಿ ಬಂದ್ರೆ ಮತ್ತೆ ಎದ್ದು ತಳ್ಳಬೇಕು. ಯಾರಿಗೂ ಹೇಳಿರಲಿಲ್ಲ. ಒಂದು ಫ್ಯಾನಿಗೋಸ್ಕರ ಎಲೆಕ್ಟ್ರಿಷಿಯನ್ ಪೇಟೆಯಿಂದ ಬರ್ತಾರಾ, ಮಕ್ಕಳಿಗೆ ಯಾಕೆ ತೊಂದರೆ ಅಂತ ಸುಮ್ಮನಿದ್ರು. ಇವನು ಹಬ್ಬಕ್ಕೆ ಹೋದಾಗ ನೋಡಿ, ಪೇಟೆಯಿಂದ ಎಪ್ಪತ್ತು ರೂಪಾಯಿಯ ಕೆಪಾಸಿಟರ್ ತಂದು ಹಾಕಿದ. ಅರ್ಧ ಗಂಟೆಯ ಕೆಲಸ. ಫ್ಯಾನ್ ತಾನಾಗೇ ತಿರುಗಿದ್ದು ನೋಡಿ ಅಜ್ಜಿ ಹೇಳಿದ್ದು, "ಇಷ್ಟೊಂದು ಗಾಳಿ ಬೇಡ ಕಣೋ, ಎರಡಕ್ಕಿಡು."

ಮಾಡೋ ವಿಧಾನ:

1. ಮೊದಲು ಸ್ವಿಚ್ ಆಫ್ ಮಾಡಿ ರೆಕ್ಕೆಯನ್ನ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದ್ರೆ ಬೇರಿಂಗ್ ಸರಿ ಇದೆ, ಅನುಮಾನ ಕೆಪಾಸಿಟರ್ ಮೇಲೆ. ಬಿಗಿ ಇದ್ರೆ, ಗರಗರ ಅಂದ್ರೆ ಬೇರಿಂಗ್. ಸ್ವಿಚ್ ಹಾಕಿದಾಗ ಸದ್ದೇ ಇಲ್ಲದಿದ್ರೆ ವೈರು, ರೆಗ್ಯುಲೇಟರ್ ಅಥವಾ ವೈಂಡಿಂಗ್ ನೋಡಬೇಕು.

2. ಕೆಲಸ ಶುರು ಮಾಡೋಕೆ ಮುಂಚೆ ಎಂಸಿಬಿಯನ್ನೇ ಆಫ್ ಮಾಡಿ. ಗೋಡೆಯ ಸ್ವಿಚ್ ಮಾತ್ರ ಆಫ್ ಮಾಡಿದ್ರೆ ಸಾಲದು. ಹಳೇ ಮನೆಗಳಲ್ಲಿ ಸ್ವಿಚ್ಚನ್ನ ನ್ಯೂಟ್ರಲ್‌ಗೆ ಹಾಕಿರೋ ಸಾಧ್ಯತೆ ಇದೆ, ಆಗ ಸ್ವಿಚ್ ಆಫ್ ಇದ್ರೂ ಫ್ಯಾನಲ್ಲಿ ಫೇಸ್ ಇರುತ್ತೆ. ಟೆಸ್ಟರನ್ನ ಮೊದಲು ಕರೆಂಟ್ ಇರೋ ಕಡೆ ಇಟ್ಟು ಅದು ಸರಿ ಇದೆಯಾ ನೋಡಿ, ಆಮೇಲೆ ಫ್ಯಾನಿನ ವೈರ್ ಚೆಕ್ ಮಾಡಿ.

3. ಕಬ್ಬಿಣದ ಸ್ಟೂಲ್ ಬೇಡ, ಮರದ್ದು ಇರಲಿ. ಕೆಳಗೆ ಒಬ್ಬರು ಹಿಡ್ಕೊಂಡಿರಲಿ.

4. ಮೇಲಿನ ಕಪ್ ಇಳಿಸಿದ್ರೆ ಬಿಳಿ ಅಥವಾ ಕಪ್ಪು ಡಬ್ಬಿ ಥರ ಕೆಪಾಸಿಟರ್ ಕಾಣುತ್ತೆ. ವೈರ್ ಬಿಚ್ಚೋ ಮುಂಚೆ ಫೋಟೋ ತಗೊಳ್ಳಿ. ವೈರ್ ಅದಲು ಬದಲಾದ್ರೆ ಫ್ಯಾನ್ ಉಲ್ಟಾ ತಿರುಗಿ ಗಾಳಿ ಕೆಳಗೆ ಬರದೇ ಇರಬಹುದು. ಕೆಪಾಸಿಟರಿನ ಎರಡು ತುದಿಯನ್ನೂ ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿಂದ ಒಮ್ಮೆ ಸೇರಿಸಿ ಡಿಸ್ಚಾರ್ಜ್ ಮಾಡಿ, ಆಮೇಲೆ ಮುಟ್ಟಿ.

5. ಹಳೇದರ ಮೇಲೆ ಬರೆದಿರೋ ಮೌಲ್ಯದ್ದೇ ತನ್ನಿ. ಮನೆಯ ಮಾಮೂಲಿ ಫ್ಯಾನುಗಳಲ್ಲಿ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಇರುತ್ತೆ. ದೊಡ್ಡದು ಹಾಕಿದ್ರೆ ಜಾಸ್ತಿ ಗಾಳಿ ಬರುತ್ತೆ ಅಂತ ಆಸೆ ಪಡಬೇಡಿ, ವೈಂಡಿಂಗ್ ಬಿಸಿಯಾಗುತ್ತೆ. ಅಂಗಡಿಯಲ್ಲಿ 'ಕೆಪಾಸಿಟರ್' ಅಂದ್ರೂ ಕೊಡ್ತಾರೆ, 'ಫ್ಯಾನ್ ಕಂಡೆನ್ಸರ್' ಅಂದ್ರೆ ಬೇಗ ಕೊಡ್ತಾರೆ.

ಹೊಸ ಬಿಎಲ್‌ಡಿಸಿ ಫ್ಯಾನುಗಳಿಗೆ ಇದು ಅನ್ವಯಿಸಲ್ಲ. ಅದರ ಒಳಗೆ ಬೇರೆಯದೇ ಸರ್ಕ್ಯೂಟ್ ಇರುತ್ತೆ.

ನಲ್ಲಿ: ದಿನಕ್ಕೊಂದು ಬಕೆಟ್

ನಮ್ಮ ರೂಮಿನ ನಲ್ಲಿ ತೊಟ್ಟಿಕ್ಕೋಕೆ ಶುರುವಾದಾಗ ಕೆಳಗೆ ಅರ್ಧ ಲೀಟರಿನ ಬಾಟಲ್ ಇಟ್ವಿ. ತುಂಬೋಕೆ 40 ನಿಮಿಷ ಬೇಕಾಯ್ತು. ಅಂದ್ರೆ ದಿನಕ್ಕೆ 36 ಬಾಟಲ್, 18 ಲೀಟರ್. ನಾವು ಸ್ನಾನಕ್ಕೆ ಇಟ್ಟಿರೋ ಬಕೆಟ್ ಹೆಚ್ಚು ಕಮ್ಮಿ ಅಷ್ಟೇ ಹಿಡಿಯುತ್ತೆ. ತಿಂಗಳಿಗೆ 540 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್ ಬಂದಿಲ್ಲ ಅಂತ ಓನರ್ ಆಂಟಿ ಜೊತೆ ಜಗಳ ಆಡೋ ನಾವೇ ದಿನಕ್ಕೊಬ್ಬರ ಸ್ನಾನದ ನೀರನ್ನ ಮೋರಿಗೆ ಬಿಡ್ತಿದ್ವಿ. ಲೆಕ್ಕ ಹಾಕೋವರೆಗೆ ಅದು ಬರೀ 'ಟಿಪ್ ಟಿಪ್' ಸದ್ದು. ಹಾಕಿದ ಮೇಲೆ ಅದೊಂದು ಬಕೆಟ್ ನೀರು.

ಸುಮಾರು ಸಲ ತಿರುಗಿಸಿ ಮುಚ್ಚೋ ಹಳೇ ಥರದ ನಲ್ಲಿಯಲ್ಲಿ, ತಿರುಪಿನ ತುದಿಯಲ್ಲಿರೋ ಒಂದು ರಬ್ಬರ್ ವಾಷರ್ ಕೆಳಗಿನ ಲೋಹದ ಅಂಚಿನ ಮೇಲೆ ಕೂತು ನೀರು ನಿಲ್ಲಿಸುತ್ತೆ. ದಿನಾ ಒತ್ತಿ ಒತ್ತಿ ರಬ್ಬರಲ್ಲಿ ಉಂಗುರದ ಗೆರೆ ಬೀಳುತ್ತೆ, ಆಮೇಲೆ ಗಟ್ಟಿಯಾಗಿ ಬಿರುಕು ಬಿಡುತ್ತೆ. ನಾವು ಏನು ಮಾಡ್ತೀವಿ? ಇನ್ನೂ ಗಟ್ಟಿಯಾಗಿ ತಿರುಗಿಸ್ತೀವಿ. ಅವತ್ತಿಗೆ ನಿಲ್ಲುತ್ತೆ, ಆದರೆ ರಬ್ಬರ್ ಇನ್ನಷ್ಟು ಬೇಗ ಹಾಳಾಗುತ್ತೆ.

ಸರಿ ಮಾಡೋಕೆ ಮೊದಲು ಆ ಲೈನಿನ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಲ್ಲಿ ಉಳಿದ ನೀರು ಹೋಗೋಕೆ ಬಿಡಿ. ಸ್ಪ್ಯಾನರಿಂದ ನಲ್ಲಿಯ ಮೇಲ್ಭಾಗ ಬಿಚ್ಚಿದ್ರೆ ವಾಷರ್ ಸಿಗುತ್ತೆ. ಹಳೇದನ್ನ ಜೇಬಲ್ಲಿ ಹಾಕ್ಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅದರ ಅಳತೆಯದ್ದೇ ತನ್ನಿ. ಕೆಲವು ರೂಪಾಯಿ ಅಷ್ಟೇ. ಲೋಹದ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಅಲ್ಲೇ ಸವೆದು ಗೀರು ಬಿದ್ದಿದ್ರೆ ಹೊಸ ವಾಷರ್ ಹಾಕಿದ್ರೂ ಸೋರುತ್ತೆ, ನಲ್ಲಿಯನ್ನೇ ಬದಲಿಸಬೇಕಾಗಬಹುದು. ಕಾಲು ಸುತ್ತಿಗೇ ತೆರೆಯೋ ಹೊಸ ನಲ್ಲಿಗಳಲ್ಲಿ ಈ ಥರ ವಾಷರ್ ಇರಲ್ಲ, ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತೆ. ಅದನ್ನ ಪೂರ್ತಿಯಾಗಿ ಬದಲಿಸೋದು.

ಚೈನ್: ಸಡಿಲ ಯಾಕೆ ಬೇಕು?

ಬೈಕ್ ಚೈನ್ 'ಉದ್ದ ಆಗಿದೆ' ಅಂತ ಮೆಕ್ಯಾನಿಕ್ ಹೇಳ್ತಾರೆ. ಕಬ್ಬಿಣ ರಬ್ಬರ್ ಥರ ಎಳೆದುಕೊಂಡು ಉದ್ದ ಆಗಿದ್ದಲ್ಲ ಅದು. ಚೈನಿನ ಪ್ರತಿ ಕೊಂಡಿಯಲ್ಲೂ ಪಿನ್ನು, ಅದರ ಸುತ್ತ ಬುಷ್ ಇರುತ್ತೆ. ಧೂಳು ಸೇರಿ ಅವು ಕೂದಲೆಳೆಯಷ್ಟು ಸವೆಯುತ್ತವೆ. ನೂರಕ್ಕೂ ಹೆಚ್ಚು ಕೊಂಡಿಗಳ ಸವೆತ ಕೂಡಿದಾಗ ಕಣ್ಣಿಗೆ ಕಾಣೋಷ್ಟು ಉದ್ದ ಆಗುತ್ತೆ. ಆಮೇಲೆ ಟಕ್ ಟಕ್ ಸದ್ದು. ತುಂಬಾ ಸಡಿಲ ಆದ್ರೆ ಓಡೋವಾಗ ಚೈನ್ ಕಳಚಿ ಹಿಂದಿನ ಚಕ್ರ ಲಾಕ್ ಆಗೋ ಅಪಾಯ ಇದೆ. ಸದ್ದಿಗೆ ಅಡ್ಜಸ್ಟ್ ಆಗೋದು ಇಲ್ಲಿ ನಿಜಕ್ಕೂ ಡೇಂಜರ್.

ಹಾಗಂತ ತಂತಿ ಥರ ಬಿಗಿ ಮಾಡಿದ್ರೆ ಅದೂ ತಪ್ಪು. ಹಿಂದಿನ ಚಕ್ರ ಹಿಡಿದಿರೋ ಸ್ವಿಂಗ್‌ಆರ್ಮ್ ಒಂದು ಬಿಂದುವಿನ ಸುತ್ತ ಮೇಲೆ ಕೆಳಗೆ ಆಡುತ್ತೆ, ಮುಂದಿನ ಸ್ಪ್ರಾಕೆಟ್ಟಿನ ಕೇಂದ್ರ ಬೇರೆ ಕಡೆ ಇರುತ್ತೆ. ಹಂಪ್ ಹತ್ತಿದಾಗ ಸಸ್ಪೆನ್ಷನ್ ಕುಗ್ಗಿ ಎರಡು ಸ್ಪ್ರಾಕೆಟ್ ನಡುವಿನ ದೂರ ಬದಲಾಗುತ್ತೆ. ಆ ದೂರಕ್ಕೆ ಚೈನ್ ಸಡಿಲ ಬೇಕು. ಇಲ್ಲದಿದ್ರೆ ಆ ಎಳೆತ ಪೂರ್ತಿ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಬೀಳುತ್ತೆ.

ಇಂಜಿನ್ ಆಫ್ ಮಾಡಿ ಸೆಂಟರ್ ಸ್ಟ್ಯಾಂಡ್ ಹಾಕಿ. ಕೆಳಗಿನ ಚೈನಿನ ಮಧ್ಯಭಾಗವನ್ನ ಮೇಲೆ ಕೆಳಗೆ ಆಡಿಸಿ ಸ್ಕೇಲಲ್ಲಿ ಅಳೀರಿ. ದಿನಾ ಓಡಿಸೋ ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು, ಆದರೆ ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದೇ ಫೈನಲ್. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯಲ್ಲ, ಅದಕ್ಕೆ ಚಕ್ರ ತಿರುಗಿಸ್ತಾ ನಾಲ್ಕೈದು ಕಡೆ ಅಳೆದು, ಎಲ್ಲಿ ಬಿಗಿ ಜಾಸ್ತಿ ಇದೆಯೋ ಅಲ್ಲಿನ ಲೆಕ್ಕ ಹಿಡೀರಿ. ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನ ಸಮವಾಗಿ ತಿರುಗಿಸಿ. ಸ್ವಿಂಗ್‌ಆರ್ಮ್ ಮೇಲಿನ ಗೆರೆಗಳು ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ರೆ ಚಕ್ರ ಸೊಟ್ಟ ಕೂರುತ್ತೆ. ನಟ್ ಪೂರ್ತಿ ಬಿಗಿ ಮಾಡಿ ಇನ್ನೊಮ್ಮೆ ಅಳೀರಿ. ಡ್ರಮ್ ಬ್ರೇಕ್ ಗಾಡಿ ಆದ್ರೆ ಹಿಂದಿನ ಬ್ರೇಕ್ ಪೆಡಲಿನ ಆಟವನ್ನೂ ನೋಡಲೇಬೇಕು, ಚಕ್ರ ಹಿಂದಕ್ಕೆ ಹೋದಾಗ ಅದೂ ಬದಲಾಗುತ್ತೆ.

ಲೂಬ್ ಹಾಕೋವಾಗ ಚಕ್ರವನ್ನ ಕೈಯಲ್ಲೇ ತಿರುಗಿಸಿ. ಇಂಜಿನ್ ಆನ್ ಮಾಡಿ ಗೇರ್ ಹಾಕಿ ತಿರುಗಿಸೋ ವಿಡಿಯೋಗಳು ಎಷ್ಟೇ ಇರಲಿ, ಬಟ್ಟೆಯ ಜೊತೆ ಬೆರಳು ಸ್ಪ್ರಾಕೆಟ್ ಒಳಗೆ ಹೋಗೋಕೆ ಒಂದು ಸೆಕೆಂಡೂ ಬೇಡ.

ಎಲ್ಲಿ ನಿಲ್ಲಿಸಬೇಕು?

ಮೈಕ್ರೋವೇವ್ ಒವನ್ ಬಿಚ್ಚಬೇಡಿ. ಅದರ ಕೆಪಾಸಿಟರಲ್ಲಿ ಸಾವಿರಾರು ವೋಲ್ಟ್ ಇರುತ್ತೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಗ್ಯಾಸ್ ಸಿಲಿಂಡರ್ ಲೈನು, ಗೀಸರ್ ಒಳಭಾಗ, ಡಿಸ್ಕ್ ಬ್ರೇಕಿನ ಆಯಿಲ್ ಲೈನು, ಇವು ಕಲಿತವರ ಕೆಲಸ. ಹಾಸ್ಟೆಲಲ್ಲಿರೋರು ಅನುಮತಿ ಇಲ್ಲದೆ ವೈರಿಂಗ್ ಮುಟ್ಟಬೇಡಿ.

ಆದರೆ ಮುಟ್ಟದೇನೂ ಒಂದು ಕೆಲಸ ಮಾಡಬಹುದು. ಕಂಪ್ಲೇಂಟ್ ಬುಕ್ಕಲ್ಲಿ 'ಫ್ಯಾನ್ ಸರಿ ಇಲ್ಲ' ಅಂತ ಬರೆಯೋ ಬದಲು 'ಸದ್ದು ಬರುತ್ತೆ, ಸ್ಟಾರ್ಟ್ ಆಗಲ್ಲ, ತಳ್ಳಿದ್ರೆ ತಿರುಗುತ್ತೆ, ಕಂಡೆನ್ಸರ್ ಇರಬಹುದು' ಅಂತ ಬರೀರಿ. ಎಲೆಕ್ಟ್ರಿಷಿಯನ್ ಅಣ್ಣ ಬರುವಾಗಲೇ ಪಾರ್ಟ್ ತರ್ತಾರೆ, ಎರಡು ಸಲ ಮೆಟ್ಟಿಲು ಹತ್ತೋದು ತಪ್ಪುತ್ತೆ. ಅವರು ಸದ್ದು ಕೇಳಿಯೇ ಬೇರಿಂಗೋ ಕಂಡೆನ್ಸರೋ ಹೇಳ್ತಾರೆ. ಅವರ ಪಕ್ಕ ಹತ್ತು ನಿಮಿಷ ನಿಂತು, ಟಾರ್ಚ್ ಹಿಡಿದು, ಯಾಕಣ್ಣ ಅಂತ ಕೇಳಿ ನೋಡಿ. ನಮಗೆ ಅರ್ಧ ವಿದ್ಯೆ ಬಂದಿದ್ದು ಹಾಗೇ.

ದಸರಾ ರಜಕ್ಕೆ ಊರಿಗೆ ಹೋಗ್ತೀರಲ್ಲ. ಆಯುಧ ಪೂಜೆ ದಿನ ಗಾಡಿಗೆ ಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಸ್ಪ್ಯಾನರಿಗೂ ಕುಂಕುಮ ಹಚ್ತೀವಿ. ಈ ಸಲ ಹಿಂದಿನ ದಿನವೇ ಆ ಸ್ಪ್ಯಾನರನ್ನ ಒಮ್ಮೆ ಕೈಗೆ ತಗೊಳ್ಳಿ. ಚೈನ್ ಅಳೀರಿ. ನಲ್ಲಿ ಕೆಳಗೆ ಬಾಟಲ್ ಇಟ್ಟು ಟೈಮ್ ನೋಡಿ. ಮನೆಯಲ್ಲಿ ದೊಡ್ಡವರು ಯಾವುದಕ್ಕೆ 'ಪರವಾಗಿಲ್ಲ ಬಿಡು, ಅಭ್ಯಾಸ ಆಗಿದೆ' ಅಂತಾರೋ ಕೇಳಿಸ್ಕೊಳ್ಳಿ, ಅಲ್ಲಿಂದಲೇ ಶುರು ಮಾಡಿ. ಎಂಸಿಬಿ ಆಫ್ ಮಾಡೋದು ಮಾತ್ರ ಮರೀಬೇಡಿ.