ಆಟದ ಯಂತ್ರವೂ ಕಾಯಿದೆಯೂ

ಹಂಪೆಯ ಕಲ್ಲಿನ ರಥವನ್ನು ಕಂಡು ಯಾವ ಚಿತ್ರಕಾರನಾದರೂ ಅದರ ಚಿತ್ರವನ್ನು ಬರೆಯಬಹುದು, ಅದು ಅಪರಾಧವಲ್ಲ. ಆದರೆ ಅದೇ ರಥದ ಚಿತ್ರವನ್ನು ಹೊತ್ತು 2017ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟನ್ನು ಮನೆಯಲ್ಲಿ ಅಚ್ಚುಹಾಕಿದವನಿಗೆ ಸೆರೆಮನೆಯೇ ಗತಿ. ಅನುಕರಣಕ್ಕೂ ನಕಲಿಗೂ ಇರುವ ಈ ಅಂತರವನ್ನು ಅರಿತರೆ, ಎಮ್ಯುಲೇಟರಿನ ವಿವಾದವು ಅರ್ಧ ತೀರಿದಂತೆಯೇ ಸರಿ.

ಹಳೆಯ ವಿಡಿಯೋ ಗೇಮ್ ಯಂತ್ರದ ಕೆಲಸವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎಂದು ಹೆಸರು. ಇಂತಹುದನ್ನು ರಚಿಸಿದ ಕನೆಕ್ಟಿಕ್ಸ್ ಕಂಪನಿಯ ಮೇಲೆ ಸೋನಿ ಕಂಪನಿಯು ಹೂಡಿದ ದಾವೆಯಲ್ಲಿ, ಅಮೆರಿಕದ ಮೇಲ್ಮನವಿ ನ್ಯಾಯಾಲಯವು 2000ರಲ್ಲಿ ಕನೆಕ್ಟಿಕ್ಸಿನ ಪಕ್ಷವನ್ನೇ ಎತ್ತಿಹಿಡಿಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮೂ ಉದಾರವಾಗಿಯೇ ಇದೆ. ನ್ಯಾಯವಾಗಿ ಪಡೆದ ಪ್ರೋಗ್ರಾಮು ಹೇಗೆ ನಡೆಯುವುದೆಂದು ಅಭ್ಯಸಿಸಲು, ಸ್ವಂತದ ಲಾಭರಹಿತ ಉಪಯೋಗಕ್ಕೆ ಪ್ರತಿ ಮಾಡಿಕೊಳ್ಳಲು ಅದು ಅವಕಾಶವೀಯುತ್ತದೆ.

ಆದರೆ ಆಟದ ಮಾತೇ ಬೇರೆ. ಹೊಸಪೇಟೆಯಲ್ಲಾಗಲಿ, ಕಂಪ್ಲಿ ಸಂಡೂರುಗಳಲ್ಲಾಗಲಿ, ಅಂಗಡಿಕಾರನೊಬ್ಬನು ನೂರಾರು ಆಟಗಳ ನಕಲನ್ನು ತುಂಬಿ ಮಾರಿದರೆ, ಅದು ರಥದ ಚಿತ್ರವಲ್ಲ, ನೋಟಿನ ಅಚ್ಚು. ಹಣ ತೆತ್ತು ಕೊಂಡ ಮಾತ್ರಕ್ಕೆ ನಕಲು ಅಸಲಾಗದು. ಕಳವಿನ ಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವವನಿಗೆ 63-ಬಿ ಕಲಮಿನಂತೆ 7 ದಿನಗಳಿಂದ 3 ವರ್ಷಗಳ ವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿಗಳ ವರೆಗೆ ದಂಡ. ಲಾಭದ ಉದ್ದೇಶವಿಲ್ಲದಲ್ಲಿ ನ್ಯಾಯಾಲಯವು ಸಜೆಯನ್ನು ಬಿಡಬಹುದು. ಅಪರಾಧವು ಮಾತ್ರ ಅಳಿಯದು. ಬೀಗ ಮುರಿಯುವುದೂ ಅಪಾಯವೇ. 2024ರಲ್ಲಿ ಯೂಜು ಎಂಬ ಎಮ್ಯುಲೇಟರಿನ ಕರ್ತರು ನಿಂಟೆಂಡೊ ಕಂಪನಿಗೆ 24 ಲಕ್ಷ ಡಾಲರುಗಳನ್ನು ತೆರಲು ಒಪ್ಪಿ ರಾಜಿಯಾದರು.

ಕರ್ತೃವಿನ ಹಕ್ಕು ರಕ್ಷಿತವಾಗಲೇಬೇಕು. ಆದರೆ ಮಾರುವವನೇ ಮಾರಾಟ ನಿಲ್ಲಿಸಿದ ಆಟಗಳ ಗತಿಯೇನು? 2012ರ ತಿದ್ದುಪಡಿಯು ಸಾರ್ವಜನಿಕ ಗ್ರಂಥಾಲಯಗಳಿಗೆ ತಮ್ಮಲ್ಲಿರುವ ಕಾಗದದ ಪುಸ್ತಕಗಳನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿಡಲು ಅನುಮತಿಸಿತು. ಹುಟ್ಟಿನಿಂದಲೇ ಡಿಜಿಟಲ್ ಆದ ಕೃತಿಗೆ ಆ ಆಶ್ರಯವಿಲ್ಲ. ಕೃತಿಸ್ವಾಮ್ಯವು ಕರ್ತೃವಿನ ಮರಣಾನಂತರವೂ 60 ವರ್ಷ ಬಾಳುತ್ತದೆ. ಅಷ್ಟು ಕಾಲ ಕಾರ್ಟ್ರಿಜ್ಜು ಬಾಳುವುದೆಂಬ ಭರವಸೆಯಿಲ್ಲ. ಕಲ್ಲಿನ ರಥ ತನ್ನ ಬಲದಿಂದಲೇ ಉಳಿದೀತು, ಇವು ಉಳಿಯವು. ಕೇಂದ್ರ ಸರಕಾರವು ಈ ಕೊರತೆಯನ್ನು ತುಂಬಲೇಬೇಕು. ಅಲ್ಲಿಯ ವರೆಗೆ ಪೊಲೀಸರು ಅನುಕರಣವನ್ನು ಕಳವೆಂದೂ, ಅಂಗಡಿಕಾರರು ಕಳವನ್ನು ಅನುಕರಣವೆಂದೂ ಎಣಿಸದಿರಲಿ ಎಂಬುದೇ ನಮ್ಮ ವಿನಂತಿ.